ಜೀವವಿಜ್ಞಾನ ಓದಿ ಡೇಟಾ ಕೆಲಸಕ್ಕೆ: ಬೆಂಗಳೂರಿನ ಕಾಲೇಜು-ಕಂಪನಿ ಒಪ್ಪಂದಗಳಿಂದ ನಿಮಗೆ ಸಿಗಬೇಕಾದ್ದನ್ನು ಪಡೆಯುವುದು ಹೇಗೆ

ನಾನು ಬಿಎಸ್ಸಿ ಓದುತ್ತಿದ್ದಾಗ ನಮ್ಮ ಕಾಲೇಜು ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಪ್ರಿನ್ಸಿಪಾಲರ ಕೋಣೆಯಲ್ಲಿ ಸಹಿ ಆಯಿತು. ಬಂದವರಿಗೆ ಶಾಲು ಹೊದಿಸಿದರು. ಮರುದಿನ ಫೋಟೋ ನೋಟಿಸ್ ಬೋರ್ಡಿಗೆ ಬಂತು. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಕ್ಲಾಸಿನ ನಾವೆಲ್ಲ ಅದರ ಮುಂದೆ ನಿಂತು, ನಮ್ಮನ್ನು ಯಾವಾಗ ಕರೆಯುತ್ತಾರೆ ಅಂತ ಲೆಕ್ಕ ಹಾಕಿದೆವು. ಡಿಗ್ರಿ ಮುಗಿಯಿತು. ಆ ಕಂಪನಿಯಿಂದ ಯಾರೂ ಬರಲಿಲ್ಲ, ನಮ್ಮಿಂದ ಯಾರೂ ಹೋಗಲಿಲ್ಲ. ಯಾರನ್ನು ಏನು ಕೇಳಬೇಕು ಅನ್ನುವುದೇ ನಮಗೆ ತಿಳಿದಿರಲಿಲ್ಲ.

ಈಗ ನಾನು ಬೆಂಗಳೂರಿನಲ್ಲೇ ಕ್ಲಿನಿಕಲ್ ಟ್ರಯಲ್‌ಗಳ ಡೇಟಾ ನೋಡುವ ಕೆಲಸದಲ್ಲಿದ್ದೇನೆ. ಪ್ರತಿ ವರ್ಷ ಒಬ್ಬಿಬ್ಬರು ವಿದ್ಯಾರ್ಥಿಗಳು ಇಂಟರ್ನ್ ಆಗಿ ಬಂದು ನನ್ನ ಪಕ್ಕ ಕೂರುತ್ತಾರೆ. ಅಂದು ನನಗೆ ಯಾರಾದರೂ ಹೇಳಬೇಕಿತ್ತು ಅನ್ನಿಸುವ ಮಾತುಗಳನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಇದು ಬಿಎಸ್ಸಿ, ಎಂಎಸ್ಸಿ, ಬಯೋಟೆಕ್ ಓದುವವರಿಗೆ. ಅವರಿಗೆ ಪಾಠ ಮಾಡುವ ಮೇಷ್ಟ್ರುಗಳಿಗೂ, ಮೇಡಂಗಳಿಗೂ.

ಹೆಜ್ಜೆ 1: ಕೆಲಸ ಯಾವುದು ಅಂತ ತಿಳಿದುಕೊಳ್ಳಿ

'ಡೇಟಾ ಸೈನ್ಸ್ ಮಾಡಬೇಕು' ಅಂತ ಹೇಳುವ ಹತ್ತು ಜನರಲ್ಲಿ ಹೆಚ್ಚಿನವರಿಗೆ ದಿನವಿಡೀ ಕೂತು ಏನು ಮಾಡಬೇಕು ಅನ್ನುವ ಚಿತ್ರ ಇರುವುದಿಲ್ಲ. ಬೆಂಗಳೂರಿನಲ್ಲಿ ಜೀವವಿಜ್ಞಾನದವರಿಗೆ ಸಿಗುವ ಡೇಟಾ ಕೆಲಸವನ್ನು ಸುಮಾರಾಗಿ ಮೂರು ಗುಂಪು ಮಾಡಬಹುದು.

ಒಂದು, ಜೀನೋಮ್ ಕೆಲಸ. ಮನುಷ್ಯನ ಜೀನೋಮ್, ಅಂದರೆ ಅವನ ಡಿಎನ್‌ಎಯ ಪೂರ್ತಿ ಬರಹ, ಸುಮಾರು 300 ಕೋಟಿ ಅಕ್ಷರ (ಎ, ಸಿ, ಜಿ, ಟಿ ಅನ್ನುವ ನಾಲ್ಕೇ ಬಗೆ). ಯಂತ್ರ ಅದನ್ನು ಚೂರುಚೂರಾಗಿ ಓದುತ್ತದೆ. ಆ ಚೂರುಗಳನ್ನು ಜೋಡಿಸಿ, ಯಾವ ಬದಲಾವಣೆ ಕಾಯಿಲೆಗೆ ಸಂಬಂಧಿಸಿದ್ದು ಅಂತ ಹುಡುಕುವುದು ಈ ಕೆಲಸ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿತು. 20 ಸಂಸ್ಥೆಗಳು ಸೇರಿ ಮಾಡಿದ ಆ ಕೆಲಸವನ್ನು ಮುನ್ನಡೆಸಿದ್ದು ನಮ್ಮ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಆಸ್ಪತ್ರೆಗಳಿಗೆ ಜೀನ್ ಪರೀಕ್ಷೆ ಮಾಡಿಕೊಡುವ ಸ್ಟ್ರ್ಯಾಂಡ್, ಮೆಡ್‌ಜೀನೋಮ್ ತರಹದ ಕಂಪನಿಗಳೂ ಇದೇ ಊರಲ್ಲಿವೆ.

ಎರಡು, ಕ್ಲಿನಿಕಲ್ ಡೇಟಾ. ಹೊಸ ಔಷಧಿಯ ಪರೀಕ್ಷೆಯಲ್ಲಿ ರೋಗಿಗಳಿಂದ ಬಂದ ಮಾಹಿತಿಯನ್ನು ಶುಚಿ ಮಾಡಿ, ನಿಗದಿತ ಮಾದರಿಗೆ ತಂದು, ವಿಶ್ಲೇಷಣೆಗೆ ಕೊಡುವುದು. ಹೊರದೇಶದ ದೊಡ್ಡ ಔಷಧಿ ಕಂಪನಿಗಳ ಬೆಂಗಳೂರು ಕಚೇರಿಗಳಲ್ಲಿ ಈ ಕೆಲಸ ಜಾಸ್ತಿ. ಮೂರು, ಔಷಧಿಯ ಅಡ್ಡ ಪರಿಣಾಮಗಳ ವರದಿ ನೋಡುವ ಫಾರ್ಮಕೋವಿಜಿಲೆನ್ಸ್. ಇದರಲ್ಲಿ ಕೋಡಿಂಗ್ ಕಮ್ಮಿ, ಗಮನವಿಟ್ಟು ಓದುವುದು ಜಾಸ್ತಿ.

ಕಂಪ್ಯೂಟರ್ ಓದಿದವರ ಮುಂದೆ ನಾವೇನು ಅಂತ ಹಿಂಜರಿಯುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಒಂದು ಪಟ್ಟಿಯಲ್ಲಿ ಎಲ್ಲರ ಹಿಮೋಗ್ಲೋಬಿನ್ 12, 13, 14 ಅಂತಿದೆ. ನಡುವೆ ಒಬ್ಬರದ್ದು 135. ಬರೀ ಅಂಕಿ ನೋಡುವವರು ಅದನ್ನು ತಪ್ಪು ಅಂತ ಅಳಿಸಿಬಿಡಬಹುದು. ಜೀವವಿಜ್ಞಾನ ಓದಿದ ಹುಡುಗಿ ತಕ್ಷಣ ಹೇಳುತ್ತಾಳೆ: ಈ ಲ್ಯಾಬಿನವರು ಡೆಸಿಲೀಟರಿಗೆ ಬದಲು ಲೀಟರಿಗೆ ಎಷ್ಟು ಗ್ರಾಂ ಅಂತ ಬರೆದಿರಬೇಕು, ಇದು 13.5. ಅವಳು ಒಬ್ಬ ರೋಗಿಯ ಮಾಹಿತಿಯನ್ನು ಉಳಿಸಿದಳು. ನಿಮ್ಮ ಬೆಲೆ ಇರುವುದು ಇಲ್ಲೇ.

ಹೆಜ್ಜೆ 2: ಒಪ್ಪಂದಕ್ಕೆ ಕಾಯದೆ ಮೂರು ತಿಂಗಳು ಕೈ ಪಳಗಿಸಿ

ಯಾವ ಕಂಪನಿಯೂ ಖಾಲಿ ಕೈಯಲ್ಲಿ ಬಂದವರಿಗೆ ಅಆಇಈ ಕಲಿಸುವಷ್ಟು ಸಮಯ ಇಟ್ಟುಕೊಂಡಿರುವುದಿಲ್ಲ. ನಿಮಗೆ ಬೇಕಾದ್ದು ಬಹಳವೇನಲ್ಲ. ಪೈಥಾನ್ ಅಥವಾ ಆರ್, ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದು. ಡೇಟಾಬೇಸಿನಿಂದ ಮಾಹಿತಿ ತೆಗೆಯಲು ಸ್ವಲ್ಪ ಎಸ್‌ಕ್ಯೂಎಲ್. ಪಿಯುಸಿ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿನ ಸ್ಟ್ಯಾಟಿಸ್ಟಿಕ್ಸ್. ಕ್ಲಿನಿಕಲ್ ಕಡೆ ಹೋಗುವವರು ಸ್ಯಾಸ್ ಅನ್ನುವ ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್ ಕೂಡ ನೋಡಿಕೊಳ್ಳಿ. ಅದರ ದುಡ್ಡು ಕೊಡುವ ಆವೃತ್ತಿ ನಮ್ಮ ಕೈಗೆ ಎಟುಕದು, ಆದರೆ ವಿದ್ಯಾರ್ಥಿಗಳಿಗೆ ಅಂತಲೇ ಆನ್‌ಲೈನಿನಲ್ಲಿ ಉಚಿತ ಆವೃತ್ತಿ ಇದೆ. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಬಯೋಇನ್‌ಫರ್ಮ್ಯಾಟಿಕ್ಸ್ ಪಾಠಗಳನ್ನು ಸುಮ್ನೆ ಕೂತು ಕೇಳಬಹುದು. ದುಡ್ಡು ಕಟ್ಟಬೇಕಾದ್ದು ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ. ಮನೆಯಲ್ಲಿ ಒಳ್ಳೆ ಲ್ಯಾಪ್‌ಟಾಪ್ ಇಲ್ಲದಿದ್ದರೆ ಗೂಗಲ್ ಕೊಲ್ಯಾಬ್ ಸಾಕು. ಬ್ರೌಸರ್ ಇದ್ದರೆ ಪೈಥಾನ್ ಓಡುತ್ತದೆ.

ಪಾಠ ಕೇಳುವುದು ಬೇರೆ, ಮಾಡುವುದು ಬೇರೆ. ಹಾಗಾಗಿ ಒಂದು ಪುಟ್ಟ ಅಭ್ಯಾಸ ಹೇಳುತ್ತೇನೆ. ನನ್ನ ಬಳಿ ಬಂದವರಿಗೆಲ್ಲ ಮೊದಲ ದಿನ ಕೊಡುವುದು ಇದನ್ನೇ.

ಜೀನೋಮ್‌ಗಳನ್ನು ಎಲ್ಲರಿಗೂ ಉಚಿತವಾಗಿ ಕೊಡುವ ಅಮೆರಿಕದ ಎನ್‌ಸಿಬಿಐ (NCBI) ತಾಣಕ್ಕೆ ಹೋಗಿ. ಕೋವಿಡ್ ತಂದ ವೈರಸ್ಸಿನ ಮೂಲ ಜೀನೋಮ್ ಹುಡುಕಿ. ಅದರ ನಂಬರ್ NC_045512. ಆ ಅಕ್ಷರಗಳನ್ನು ಸಾದಾ ಪಠ್ಯವಾಗಿ ಇಟ್ಟಿರುವ ಫಾಸ್ಟಾ (FASTA) ಫೈಲ್ ಇಳಿಸಿಕೊಳ್ಳಿ. ಅದರಲ್ಲಿ ಎಷ್ಟು ಅಕ್ಷರ ಇವೆ, ಜಿ ಮತ್ತು ಸಿ ಸೇರಿ ಶೇಕಡಾ ಎಷ್ಟು ಅಂತ ಪೈಥಾನಿನಲ್ಲಿ ಲೆಕ್ಕ ಹಾಕಿ. ಉತ್ತರ 29,903 ಅಕ್ಷರ, ಸುಮಾರು ಶೇ. 38 ಬರಬೇಕು. ಮೊದಲ ಸಲ ಹೆಚ್ಚಿನವರಿಗೆ ಉದ್ದ ಜಾಸ್ತಿ ಬರುತ್ತದೆ. ಯಾಕೆ ಗೊತ್ತಾ? ಫೈಲಿನ ಮೊದಲ ಸಾಲು ಹೆಸರಿನದ್ದು, ಅದನ್ನು ಬಿಡಬೇಕು. ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಈ ತಪ್ಪನ್ನು ನೀವೇ ಹುಡುಕಿ ಸರಿಮಾಡಿದರೆ ಒಂದು ವಾರದ ಪಾಠ ಒಂದು ಸಂಜೆಯಲ್ಲಿ ಆದ ಹಾಗೆ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಇದು ಆರ್‌ಎನ್‌ಎ ವೈರಸ್. ಆರ್‌ಎನ್‌ಎಯಲ್ಲಿ ಟಿ ಅಕ್ಷರದ ಬದಲು ಇರಬೇಕಾದ್ದು ಯು. ಹಾಗಾದರೆ ಫೈಲಲ್ಲಿ ಟಿ ಯಾಕಿದೆ? ಯಂತ್ರದಲ್ಲಿ ಓದಿಸುವ ಮುಂಚೆ ಆ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸಿಕೊಂಡಿರುತ್ತಾರೆ. ಡೇಟಾಬೇಸಿನಲ್ಲಿ ಟಿ ಅಂತಲೇ ಬರೆಯುವ ರೂಢಿಯೂ ಇದೆ. ಈ ಪ್ರಶ್ನೆ ತಾನಾಗೇ ಹೊಳೆದವರು ಒಳ್ಳೆ ಕೆಲಸಗಾರರಾಗುತ್ತಾರೆ. ಇದು ನಾನು ಕಣ್ಣಾರೆ ಕಂಡ ಮಾತು.

ಎಕ್ಸೆಲ್ ಬಳಸುವವರಿಗೆ ಒಂದು ಎಚ್ಚರಿಕೆ. ಸೆಪ್ಟ್2 ಅನ್ನುವ ಜೀನಿನ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಅಂತ ತಿಳಿದು ತಾರೀಕು ಮಾಡಿಬಿಡುತ್ತಿತ್ತು. ಎಷ್ಟೋ ಸಂಶೋಧನಾ ಲೇಖನಗಳ ಪಟ್ಟಿಗಳು ಹೀಗೆ ಕೆಟ್ಟವು. ಕೊನೆಗೆ 2020ರ ಹೊತ್ತಿಗೆ ಅಂಥ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಅದು ಈಗ ಸೆಪ್ಟಿನ್2. ಹಳೇ ಫೈಲುಗಳಲ್ಲಿ ಆ ತಾರೀಕುಗಳು ಇನ್ನೂ ಕೂತಿವೆ, ನೋಡಿಕೊಂಡು ತೆರೆಯಿರಿ.

ಹೆಜ್ಜೆ 3: ಊರಲ್ಲಿ ಯಾವ ಬಾಗಿಲುಗಳಿವೆ ನೋಡಿ

ಸರ್ಕಾರ ಮತ್ತು ಉದ್ಯಮ ಸೇರಿ ನಡೆಸುವವು ಮೊದಲು. ರಾಜ್ಯದ ಐಟಿ-ಬಿಟಿ ಇಲಾಖೆ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಕೈಜೋಡಿಸಿ ನಡೆಸುವ ಬೈಸೆಪ್ ಅನ್ನುವ ಸ್ನಾತಕೋತ್ತರ ಡಿಪ್ಲೊಮಾ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು. ಪಾಠದ ಜೊತೆಗೆ ಕಂಪನಿಯಲ್ಲಿ ತರಬೇತಿ ಇರುವುದೇ ಇದರ ಜೀವ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬಯೋಇನ್‌ಫರ್ಮ್ಯಾಟಿಕ್ಸ್ ಕಲಿಸುವ ಐಬ್ಯಾಬ್ (IBAB) ಇದೆ. ರಾಜ್ಯ ಸರ್ಕಾರದ ಬೆಂಬಲದಿಂದ ಹುಟ್ಟಿದ ಸಂಸ್ಥೆ. ಬಿಗ್ ಡೇಟಾ ಬಯಾಲಜಿ ಅನ್ನುವ ಎಂಎಸ್ಸಿಯೇ ಅಲ್ಲಿದೆ. ಜೀವವಿಜ್ಞಾನ ಮತ್ತು ಡೇಟಾ ಎರಡನ್ನೂ ಒಟ್ಟಿಗೆ ಓದಬೇಕು ಅನ್ನುವವರು ಮೊದಲು ನೋಡಬೇಕಾದ ಜಾಗ ಇದು ಅನ್ನುವುದು ನನ್ನ ಅನಿಸಿಕೆ.

ಕಂಪನಿಗಳೇ ನಡೆಸುವವು ಇನ್ನೊಂದು ಬಗೆ. 1978ರಲ್ಲಿ ಒಂದು ಗ್ಯಾರೇಜಿನಲ್ಲಿ ಶುರುವಾದ ಔಷಧಿ ಕಂಪನಿ ಬಯೋಕಾನ್, 2013ರಲ್ಲಿ ಬಯೋಕಾನ್ ಅಕಾಡೆಮಿ ತೆರೆಯಿತು. ಕ್ಯಾಲಿಫೋರ್ನಿಯಾದ ಕೆಕ್ ಗ್ರ್ಯಾಜುಯೇಟ್ ಇನ್‌ಸ್ಟಿಟ್ಯೂಟ್ ಅದರ ಪಾಲುದಾರ. ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ವಿಶ್ವವಿದ್ಯಾಲಯ, ನಡುವೆ ಆಗತಾನೆ ಡಿಗ್ರಿ ಮುಗಿಸಿದವರು. ಇಂಥ ಕಡೆ ಸೇರುವ ಮುಂಚೆ ಶುಲ್ಕ ಎಷ್ಟು, ರಿಯಾಯಿತಿ ಎಷ್ಟು ಅಂತ ಬರಹದಲ್ಲಿ ಪಡೆಯಿರಿ.

ಸಂಶೋಧನಾ ಸಂಸ್ಥೆಗಳ ಬಾಗಿಲನ್ನು ನಮ್ಮ ಹುಡುಗರು ತಟ್ಟುವುದೇ ಕಮ್ಮಿ. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಇಲ್ಲೇ ಸದಾಶಿವನಗರದ ಬಳಿ ಇದೆ. ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಅದು ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ. ದುಡ್ಡು ನೀವು ಕೊಡಬೇಕಿಲ್ಲ, ಅವರೇ ಕೊಡುತ್ತಾರೆ. ಅರ್ಜಿಯ ಅವಧಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ಮೇ ತಿಂಗಳಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಮೇಷ್ಟ್ರುಗಳೂ ಇದಕ್ಕೆ ಅರ್ಜಿ ಹಾಕಬಹುದು ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್, ಸಿ-ಕ್ಯಾಂಪ್ ಅನ್ನುವ ಜೀವವಿಜ್ಞಾನದ ಮೂರು ಸಂಸ್ಥೆಗಳು ಅಕ್ಕಪಕ್ಕ ಇವೆ. ಐಐಎಸ್‌ಸಿ ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆಯುವ ದಿನ ಇಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ಹೊತ್ತಿಗೆ. ಸುತ್ತಾಡಿ ಬರುವುದಷ್ಟೇ ಅಲ್ಲ, ಇಷ್ಟವಾದ ಲ್ಯಾಬಿನ ಹುಡುಗರನ್ನು ಮಾತಾಡಿಸಿ ಬನ್ನಿ.

ಡಿಗ್ರಿ ಮುಗಿದವರಿಗೆ ಅಪ್ರೆಂಟಿಸ್ ದಾರಿ ಇದೆ. ಕೇಂದ್ರದ ನ್ಯಾಟ್ಸ್ (NATS) ಅನ್ನುವ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಸರ್ಕಾರ ಭರಿಸುತ್ತದೆ. ಚಿಕ್ಕ ಕಂಪನಿಗಳನ್ನು ಒಪ್ಪಿಸುವಾಗ ಇದನ್ನು ಅವರಿಗೆ ಹೇಳಿ.

ಹೆಜ್ಜೆ 4: ಒಪ್ಪಂದವನ್ನು ಐದು ಪ್ರಶ್ನೆಗಳಿಂದ ತೂಗಿ

ಅಡ್ಮಿಷನ್ ಸಮಯದಲ್ಲಿ ಎಲ್ಲ ಕಾಲೇಜುಗಳೂ ಕಂಪನಿಗಳ ಲೋಗೋ ತೋರಿಸುತ್ತವೆ. ನೀವು ಮರ್ಯಾದೆಯಿಂದ, ಆದರೆ ಬಿಡದೆ, ಇಷ್ಟು ಕೇಳಿ.

ಹೋದ ವರ್ಷ ಈ ಒಪ್ಪಂದದಡಿ ಎಷ್ಟು ಜನ ಹೋಗಿದ್ದರು? ಅವರಲ್ಲಿ ಒಬ್ಬರ ಜೊತೆ ನಾನು ಮಾತಾಡಬಹುದಾ?

ಅಲ್ಲಿ ಅವರು ಯಾವ ಡೇಟಾ ಮುಟ್ಟಿದರು? ನಿಜವಾದ ಡೇಟಾ ಅಥವಾ ಅದರಂತೆ ಮಾಡಿದ ಅಭ್ಯಾಸದ ಡೇಟಾ ಇತ್ತಾ, ಇಲ್ಲ ಬರೀ ಸ್ಲೈಡ್ ನೋಡಿದರಾ?

ಕಂಪನಿ ಕಡೆಯಿಂದ ಮೆಂಟರ್ ಯಾರು? ಹೆಸರಿದೆಯಾ? ವಾರಕ್ಕೆ ಎಷ್ಟು ಹೊತ್ತು ಸಿಗುತ್ತಾರೆ?

ಎಷ್ಟು ವಾರ? ಕ್ರೆಡಿಟ್ ಸಿಗುತ್ತದೆಯಾ? ಆ ವಾರಗಳಲ್ಲಿ ಅಟೆಂಡೆನ್ಸ್, ಇಂಟರ್ನಲ್ ಪರೀಕ್ಷೆ ಏನಾಗುತ್ತದೆ?

ಕೊನೆಗೆ ನನ್ನ ಕೈಯಲ್ಲಿ ಉಳಿಯುವುದು ಏನು? ತೋರಿಸಬಹುದಾದ ವರದಿಯಾ, ಬರೀ ಸರ್ಟಿಫಿಕೇಟಾ?

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಮೆಂಟರ್ ಪ್ರಶ್ನೆ. ಸಹಿ ಹಾಕುವವರು ದೊಡ್ಡ ಹುದ್ದೆಯವರು, ಅವರು ಕಲಿಸುವುದಿಲ್ಲ. ಕಲಿಸುವವರು ಮೂರೋ ನಾಲ್ಕೋ ವರ್ಷ ಅನುಭವ ಇರುವ, ತಮ್ಮದೇ ಕೆಲಸದ ಒತ್ತಡದಲ್ಲಿರುವ ಒಬ್ಬರು. ಅವರ ಹೆಸರು ಒಪ್ಪಂದದಲ್ಲಿ ಇಲ್ಲ ಅಂದರೆ, ನೀವು ಹೋದ ದಿನ ನಿಮ್ಮನ್ನು ಯಾರ ಪಕ್ಕ ಕೂರಿಸಬೇಕು ಅಂತಲೇ ಅಲ್ಲಿ ತಿಳಿದಿರುವುದಿಲ್ಲ.

ಸಮಯದ ಪ್ರಶ್ನೆಯೂ ಚಿಕ್ಕದಲ್ಲ. ಕಂಪನಿಗೆ ಆರು ತಿಂಗಳು ಪೂರ್ತಿ ಬೇಕು. ಕಾಲೇಜು ಕೊಡುವುದು ಎರಡು ಸೆಮಿಸ್ಟರ್ ನಡುವಿನ ನಾಲ್ಕು ವಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ ಆಗಿ, ನಡುವೆ ವಿದ್ಯಾರ್ಥಿ ಸೋಲುತ್ತಾನೆ. ಇದಕ್ಕೆ ಸುಲಭದ ಪರಿಹಾರ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನೇ ಕಂಪನಿಯ ಕೆಲಸಕ್ಕೆ ಜೋಡಿಸುವುದು. ಎಚ್‌ಒಡಿ ಒಪ್ಪಿದರೆ ಸಾಮಾನ್ಯವಾಗಿ ಆಗುತ್ತದೆ. ಆ ಸೆಮಿಸ್ಟರಿಗೆ ಉಳಿದ ಒಂದೋ ಎರಡೋ ವಿಷಯವನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ 'ಸ್ವಯಂ' (SWAYAM) ತಾಣದಲ್ಲಿ ಮಾಡಬಹುದಾ ಅಂತಲೂ ಕೇಳಿ. ಯುಜಿಸಿಯ 2021ರ ನಿಯಮ ಶೇ. 40ರವರೆಗೆ ಕ್ರೆಡಿಟ್ ಹಾಗೆ ಪಡೆಯಲು ಅವಕಾಶ ಕೊಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಒಪ್ಪಬೇಕು ಅಷ್ಟೇ.

ಇನ್ನೊಂದು ಮಾತು. ಇಂಟರ್ನ್‌ಶಿಪ್ಪಿಗೆ ನೀವೇ ದುಡ್ಡು ಕಟ್ಟಿ ಅನ್ನುವವರ ಹತ್ತಿರ ಹೋಗಬೇಡಿ. ಹೇಳಿಕೊಟ್ಟು ಶುಲ್ಕ ತೆಗೆದುಕೊಳ್ಳುವ ಕೋರ್ಸ್ ಬೇರೆ. 'ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ 5,000 ರೂಪಾಯಿ' ಅನ್ನುವುದು ಬೇರೆ. ತುಮಕೂರು ಕಡೆಯಿಂದ ಬಂದ ಒಬ್ಬ ತಂಗಿ ಹಾಗೆ ಕಟ್ಟಿ, ವಾಟ್ಸಾಪಿನಲ್ಲಿ ಬಂದ ನಾಲ್ಕು ವಿಡಿಯೋ ನೋಡಿ, ಸರ್ಟಿಫಿಕೇಟ್ ಹಿಡಿದು ನನ್ನ ಮುಂದೆ ಕೂತಿದ್ದಳು. ಅದರಲ್ಲಿ ಏನು ಮಾಡಿದೆ ಅಂತ ಕೇಳಿದರೆ ಅವಳ ಕಣ್ಣು ತುಂಬಿತು. ಅದು ಅವಳಪ್ಪ ರೇಷ್ಮೆ ಗೂಡು ಮಾರಿದ ದುಡ್ಡು.

ಹೆಜ್ಜೆ 5: ಒಂದು ಒಳ್ಳೆ ಮೇಲ್ ಬರೆಯಿರಿ

ಒಪ್ಪಂದ ಇದ್ದರೂ ಕೊನೆಗೆ ಒಬ್ಬ ಮನುಷ್ಯ ಇನ್ನೊಬ್ಬರನ್ನು ಕೇಳಲೇಬೇಕು. ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ, ಆದರೆ ವಿಷಯವನ್ನು ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ನಾಲ್ಕು ಮಾತು ಸಾಕು. ನಾನು ಯಾರು, ಎಲ್ಲಿ ಓದುತ್ತಿದ್ದೇನೆ. ನಿಮ್ಮ ಯಾವ ಕೆಲಸವನ್ನು ಓದಿದೆ, ಅದರಲ್ಲಿ ನನಗೆ ಬಂದ ಪ್ರಶ್ನೆ ಇದು. ನಾನು ಈಗಾಗಲೇ ಮಾಡಿದ್ದು ಇದು, ನೋಡಲು ಕೊಂಡಿ ಇಲ್ಲಿದೆ. ಇಂಥ ತಿಂಗಳಿಂದ ಇಷ್ಟು ವಾರ ಬರಬಲ್ಲೆ.

ವೈರಸ್ ಜೀನೋಮಿನ ಆ ಅಭ್ಯಾಸವನ್ನೇ ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್ಬಿನಲ್ಲಿ ಹಾಕಿ, ತಪ್ಪು ಎಲ್ಲಿ ಬಂತು, ಹೇಗೆ ಸರಿಮಾಡಿದೆ ಅಂತ ಹತ್ತು ಸಾಲು ಬರೆದರೆ, ಅದು ದೊಡ್ಡ ರೆಸ್ಯೂಮೆಗಿಂತ ಜಾಸ್ತಿ ಕೆಲಸ ಮಾಡುತ್ತದೆ. 'ರೆಸ್ಪೆಕ್ಟೆಡ್ ಸರ್/ಮೇಡಂ' ಅಂತ 50 ಜನರಿಗೆ ಒಂದೇ ಮೇಲ್ ಕಳಿಸಬೇಡಿ, ನೋಡಿದ ತಕ್ಷಣ ಗೊತ್ತಾಗುತ್ತದೆ. ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಅದರಲ್ಲಿ ತಪ್ಪೇನಿಲ್ಲ.

ಇಂಗ್ಲಿಷ್ ಬಗ್ಗೆ ಅಂಜಿಕೆ ಇರುವವರಿಗೆ: ನಾನೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೆಲಸದ ಇಂಗ್ಲಿಷಿಗೆ ಬೇಕಾಗುವ ಪದಗಳು ಕಡಿಮೆ, ಅವೇ ಮತ್ತೆ ಮತ್ತೆ ಬರುತ್ತವೆ. ಆರು ತಿಂಗಳಲ್ಲಿ ನಾಲಿಗೆ ಹೊರಳುತ್ತದೆ.

ಹೆಜ್ಜೆ 6: ಒಳಗೆ ಹೋದ ಮೇಲೆ

ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡಿ. ಏನು ಮಾಡಿದೆ, ಏನು ಕೆಟ್ಟಿತು, ಯಾರನ್ನು ಕೇಳಿದೆ ಅಂತ ದಿನಾ ಐದು ಸಾಲು. ಶುಕ್ರವಾರ ಮೆಂಟರಿಗೆ ಪುಟ್ಟ ಮೇಲ್: ಈ ವಾರ ಆದದ್ದು, ನಿಂತಿರುವುದು, ಮುಂದಿನ ವಾರದ್ದು. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಇದನ್ನು ಬಿಡದೆ ಮಾಡಿದವರಿಗೆಲ್ಲ ನಾನು ಧೈರ್ಯವಾಗಿ ಶಿಫಾರಸು ಪತ್ರ ಬರೆದಿದ್ದೇನೆ. ಬರೆಯಲು ನನ್ನ ಬಳಿ ವಿಷಯ ಇತ್ತು.

ಎರಡು ದಿನಕ್ಕಿಂತ ಜಾಸ್ತಿ ಒಂದೇ ಕಡೆ ಸಿಕ್ಕಿಕೊಂಡು ಕೂರಬೇಡಿ. ಕೇಳುವಾಗ 'ಬರ್ತಿಲ್ಲ ಮೇಡಂ' ಅನ್ನುವ ಬದಲು, ಏನು ಪ್ರಯತ್ನಿಸಿದೆ, ಯಾವ ಎರರ್ ಬಂತು ಅಂತ ಹೇಳಿ.

ಡೇಟಾ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ರೋಗಿಯ ಮಾಹಿತಿ ಒಬ್ಬ ಮನುಷ್ಯನ ನಂಬಿಕೆ. ಅದನ್ನು ಸ್ವಂತ ಪೆನ್‌ಡ್ರೈವಿಗೆ, ಮೇಲಿಗೆ ಹಾಕಬೇಡಿ. ಸ್ಕ್ರೀನಿನ ಫೋಟೋ ತೆಗೆಯಬೇಡಿ. ಎಐ ಚಾಟ್ ತಾಣಗಳಿಗೆ ಅಂಟಿಸಿ ಉತ್ತರ ಕೇಳಬೇಡಿ. 2023ರಿಂದ ನಮ್ಮ ದೇಶದಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಅಂತಲೇ ಕಾಯ್ದೆ ಇದೆ. ಹಾಗಾದರೆ ಹೊರಗೆ ಏನು ತೋರಿಸಬಹುದು? ಇದನ್ನು ಕೊನೆಯ ದಿನಕ್ಕೆ ಬಿಡದೆ ಮೊದಲ ವಾರವೇ ಮೆಂಟರನ್ನು ಕೇಳಿ. ಅಲ್ಲಿ ಕಲಿತ ವಿಧಾನವನ್ನು ಸಾರ್ವಜನಿಕ ಡೇಟಾ ಮೇಲೆ ಮಾಡಿ ತೋರಿಸುವುದಕ್ಕೆ ಹೆಚ್ಚಿನವರು ಒಪ್ಪುತ್ತಾರೆ.

ಓಡಾಟದ ಲೆಕ್ಕವನ್ನೂ ಹಾಕಿ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರದವರೆಗೆ ಮೆಟ್ರೋದಲ್ಲೇ ಹೋಗಬಹುದು. ಜಯನಗರ, ಬನಶಂಕರಿ ಕಡೆ ಇರುವವರಿಗೆ ಪಿಜಿ ಬಾಡಿಗೆ ಉಳಿಯಿತು. ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆದರೆ ಕಲಿಯುವ ಶಕ್ತಿ ಉಳಿಯುವುದಿಲ್ಲ, ಅಲ್ವಾ?

ಹೆಜ್ಜೆ 7: ನಿಮ್ಮ ಕಾಲೇಜಿಗೆ ಒಪ್ಪಂದವೇ ಇಲ್ಲದಿದ್ದರೆ

ಇದು ಮೇಷ್ಟ್ರುಗಳಿಗೆ. ದೊಡ್ಡ ಕಂಪನಿಯ ಬಾಗಿಲಲ್ಲಿ ಕಾಯುವುದಕ್ಕಿಂತ ಚಿಕ್ಕದಾಗಿ ಶುರುಮಾಡಿ. ನಿಮ್ಮ ಹಳೆಯ ವಿದ್ಯಾರ್ಥಿಗಳ ಪಟ್ಟಿ ತೆಗೆಯಿರಿ. ಐದಾರು ಜನ ಯಾವುದಾದರೂ ಲ್ಯಾಬಿನಲ್ಲೋ ಡೇಟಾ ಕಂಪನಿಯಲ್ಲೋ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರನ್ನು ತಿಂಗಳಿಗೊಂದು ಶನಿವಾರ ಕರೆಯಿರಿ. ಭಾಷಣಕ್ಕಲ್ಲ. ಒಂದು ಫೈಲ್ ತರಲಿ, ಹುಡುಗರು ಅವರ ಎದುರೇ ಅದನ್ನು ಬಿಡಿಸಲಿ.

ಎರಡನೆಯದಾಗಿ ಪಕ್ಕದ ಇಲಾಖೆಯವರನ್ನು ಸೇರಿಸಿಕೊಳ್ಳಿ. ಒಂದೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದವರು ಮೊದಲ ಮಹಡಿಯಲ್ಲಿ, ಬಿಸಿಎ ಹುಡುಗರು ಎರಡನೇ ಮಹಡಿಯಲ್ಲಿ ಇದ್ದು ಮೂರು ವರ್ಷ ಒಬ್ಬರನ್ನೊಬ್ಬರು ಮಾತಾಡಿಸಿರುವುದಿಲ್ಲ. ಎರಡು ಕಡೆಯ ಇಬ್ಬಿಬ್ಬರನ್ನು ಸೇರಿಸಿ ಒಂದು ಪ್ರಾಜೆಕ್ಟ್ ಕೊಡಿ. ಕಾಲೇಜಿನ ಮರಗಳ ಗಣತಿಯಾದರೂ ಸರಿ. ಮರ ಯಾವ ಜಾತಿಯದ್ದು ಅಂತ ಗುರುತಿಸುವವರು ಒಬ್ಬರು, ಪಟ್ಟಿ ಕಟ್ಟಿ ನಕ್ಷೆ ಮಾಡುವವರು ಇನ್ನೊಬ್ಬರು. ಕಂಪನಿಯಲ್ಲಿ ನಾವು ದಿನಾ ಮಾಡುವುದು ಇದೇ. ನಾನು ನೋಡಿದ ಸಹಭಾಗಿತ್ವಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಹೀಗೆ ಒಂದು ಕಟ್ಟಡದೊಳಗೇ ಹುಟ್ಟಿದ್ದು.

ಇಷ್ಟಾದ ಮೇಲೆ ಕಂಪನಿಯ ಬಳಿ ಹೋಗಿ. ಈಗ ನಿಮ್ಮ ಕೈಯಲ್ಲಿ ತೋರಿಸಲು ಏನೋ ಇದೆ. ಒಪ್ಪಂದ ಒಂದು ಪುಟ ಇದ್ದರೆ ಸಾಕು. ವರ್ಷಕ್ಕೆ ಎಷ್ಟು ವಿದ್ಯಾರ್ಥಿಗಳು, ಯಾವ ತಿಂಗಳಲ್ಲಿ, ಎಷ್ಟು ವಾರ. ಕಂಪನಿಯ ಮೆಂಟರ್ ಹೆಸರು, ಕಾಲೇಜಿನ ಗೈಡ್ ಹೆಸರು. ಯಾವ ಡೇಟಾ, ಅದನ್ನು ಎಲ್ಲಿ ಇಡಬೇಕು. ಸ್ಟೈಪೆಂಡ್ ಎಷ್ಟು, ಇಲ್ಲದಿದ್ದರೆ ಊಟ-ಓಡಾಟದ ಖರ್ಚು ಯಾರದ್ದು. ಮೆಂಟರ್ ಕೆಲಸ ಬಿಟ್ಟರೆ ಅವರ ಜಾಗಕ್ಕೆ ಯಾರು. ಈ ಕೊನೆಯದನ್ನು ಮರೆಯಬೇಡಿ. ಈ ಊರಲ್ಲಿ ಜನ ಕಂಪನಿ ಬದಲಿಸುತ್ತಲೇ ಇರುತ್ತಾರೆ, ಒಬ್ಬರು ಹೋದ ಕೂಡಲೇ ಎಷ್ಟೋ ಒಪ್ಪಂದಗಳು ನಿಂತುಹೋಗುತ್ತವೆ.

ಮೊದಲ ವರ್ಷ ಇಬ್ಬರನ್ನೇ ಕಳಿಸಿ. ಅವರು ವಾಪಸ್ ಬಂದ ಮೇಲೆ ಕಿರಿಯರ ಮುಂದೆ ಒಂದು ಮಧ್ಯಾಹ್ನ ಮಾತಾಡಲಿ. ಮೆಂಟರನ್ನೂ ಆ ದಿನ ಕರೆಯಿರಿ. ಫೋಟೋ ಆಗ ತೆಗೆಯಿರಿ.